ದೀಪ ಹಚ್ಚಿದ ಮೇಲೆ ನೋಡಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಗೇಟಿನ ಮೇಲೆ ಹೊಸದಾಗಿ ಹಾಕಿಸಿದ ದೀಪದ ಬೋರ್ಡಿನಲ್ಲಿ, ಕಪ್ಪು ಹಿನ್ನೆಲೆಯ ಮೇಲಿನ ‘ತುರ್ತು ಚಿಕಿತ್ಸೆ’ ಎಂಬ ಬಿಳಿ ಅಕ್ಷರಗಳಿಗೆ ಯಾರೋ ಕಪ್ಪು ಬಣ್ಣ ಬಳಿದು ಕೆಡಿಸಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರಿಗೆ ಕನ್ನಡಕ ಬಂದು ಒಂದು ತಿಂಗಳು. ಬೋರ್ಡಿನ ಕೆಳಗೆ ನಿಂತು ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಹೇಗೆ ನೋಡಿದರೂ ಅಕ್ಷರಗಳು ಉಪವಾಸ ಕೂತವರ ಹಾಗೆ ಬಡಕಲಾಗಿದ್ದವು.

“ಇದು ಪುಂಡರ ಕೆಲಸ ಅಲ್ಲ ಸರ್,” ಎಂದ ದಫೇದಾರ ಏಣಿಯ ಮೇಲಿಂದ. “ಅಂಚು ನೋಡಿ, ಮದುವೆ ಹೆಣ್ಣಿಗೆ ಕಾಡಿಗೆ ತೀಡಿದ ಹಾಗಿದೆ. ಕೊನೇ ಅಕ್ಷರ ಮಾತ್ರ ಮುಟ್ಟಿಲ್ಲ.”

ಪಂಚನಾಮೆ ಬರೆಯುವಾಗ ಗೇಟಿನ ಕಾವಲುಗಾರ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ.

“ಯಾರನ್ನಾದ್ರೂ ನೋಡಿದ್ಯಾ?”

“ನಿನ್ನೆ ಬೆಳಿಗ್ಗೆ ಒಬ್ಬರು ಅಕ್ಕ ಬಂದಿದ್ರು ಸರ್. ಏಣಿ ತಂದಿದ್ರು. ಏಣಿ ತಂದವರನ್ನ ಯಾರು ಕೇಳ್ತಾರೆ? ಬೋರ್ಡಿನವರು ಅಂದ್ಕೊಂಡೆ.”

“ಆಮೇಲೆ?”

“ಏಣಿ ಅಲ್ಲಾಡ್ತಿತ್ತು. ನಾನೇ ಹಿಡ್ಕೊಂಡೆ.”

ದಫೇದಾರ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ.

ಬೋರ್ಡು ಮಾಡಿದವನ ಅಂಗಡಿಗೆ ಹೋದರು. ಅಕ್ಷರ ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ ಅವನು ಆಸ್ಪತ್ರೆಯ ಔಷಧಿ ಚೀಟಿಯೊಂದರ ಅಚ್ಚಿನ ಅಕ್ಷರಗಳನ್ನು ತೋರಿಸಿದ. “ಇದನ್ನೇ ದೊಡ್ಡದು ಮಾಡಿದ್ವಿ ಸರ್. ಮೇಲ್ವಿಚಾರಕರು ಮೇಜಿನ ಮೇಲಿಟ್ಟು ನೋಡಿ ಒಪ್ಪಿದ್ರು. ಆಮೇಲೆ ಒಬ್ಬ ಹೆಂಗಸು ಬಂದು, ಅಚ್ಚಿಗೆ ಈ ಅಕ್ಷರ ರೂಪಿಸಿದವಳು ನಾನೇ, ಇದು ಬೋರ್ಡಿಗಲ್ಲ, ಬದಲಾಯಿಸಿ ಅಂತ ಎರಡು ಸಲ ಹೇಳಿ ಹೋದ್ರು. ಆಸ್ಪತ್ರೆಯವರನ್ನ ಕೇಳ್ಕೊಳ್ಳಿ ಅಂದೆ. ಆಸ್ಪತ್ರೆಯವರು ಬೋರ್ಡಿನವನನ್ನೇ ಕೇಳು ಅಂದ್ರಂತೆ.”

ಆಕೆ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ವಿಳಾಸ ಹಿಡಿದು, ಮಧ್ಯಾಹ್ನ ಮೂರಕ್ಕೆ, ಮಹಿಳಾ ಪೇದೆಯೊಂದಿಗೆ, ಮನೆ ತಲುಪಿದರು. ಕಿಟಕಿಯ ಬಳಿ ಮಂಚದ ಮೇಲೆ ವಯಸ್ಸಾದ ಅತ್ತೆ. ಮೇಜಿನ ಮೇಲಿನ ಹಾಳೆಗಳಲ್ಲಿ ಒಂದೇ ಅಕ್ಷರವನ್ನು ಸಾಸಿವೆಯಷ್ಟರಿಂದ ಅಂಗೈಯಷ್ಟರವರೆಗೆ ಬರೆದಿತ್ತು. ದೊಡ್ಡದಾದಂತೆ ಅದರ ಮೈಕಟ್ಟೂ ಬೇರೆಯಾಗುತ್ತಿತ್ತು.

“ನೀವೇನಾ ಬಣ್ಣ ಬಳಿದಿದ್ದು?”

“ಹೌದು ಸರ್.”

“ಯಾಕೆ?”

ಆಕೆ ಅತ್ತೆಯ ಬಾಯಂಚನ್ನು ಒರೆಸಿ ಎದ್ದಳು. “ಚೀಟಿಯಲ್ಲಿ ಅಕ್ಷರ ಸಣ್ಣದು. ಶಾಯಿ ಮಸುಕಾದ್ರೂ ಕಾಣ್ಲಿ ಅಂತ ಗೆರೆ ದಪ್ಪ ಕೊಟ್ಟಿದ್ದೆ. ಅದನ್ನೇ ಹಿಗ್ಗಿಸಿ ಹಿಂದೆ ದೀಪ ಹಾಕಿದ್ರೆ ಬೆಳಕು ಊದ್ಕೊಳ್ಳತ್ತೆ. ಅಕ್ಷರದ ಹೊಟ್ಟೆ ಮುಚ್ಚಿಹೋಗತ್ತೆ. ಬೆಳಕಿನ ಬೋರ್ಡಿಗೆ ಗೆರೆ ಸಣ್ಣಗಿರ್ಬೇಕು. ಅದಕ್ಕೇ ಅಂಚಿಗೆ ಕಪ್ಪು ಬಳಿದೆ.”

“ಹಗಲಲ್ಲಿ ನೋಡಿದ್ವಲ್ಲ ನಾವು. ಕೆಟ್ಟುಹೋಗಿದೆ.”

“ದೀಪ ಹಚ್ಚಿದ ಮೇಲೆ ನೋಡಿ ಸರ್. ಆಸ್ಪತ್ರೆಯವರೂ ಹಗಲಲ್ಲೇ ನೋಡಿ ಒಪ್ಪಿದ್ದು.”

ಇನ್‌ಸ್ಪೆಕ್ಟರು ಮೇಜಿನ ಮೇಲಿನ ಅಕ್ಷರಗಳತ್ತ ಬಗ್ಗಿದರು. ಆಕೆಯೇ ಮುಂದುವರಿಸಿದಳು. “ಹೋದ ತಿಂಗಳು ಒಂದು ಸಂಜೆ ಅತ್ತೆಗೆ ಪಾರ್ಶ್ವವಾಯು ಬಡೀತು. ನಾನೇ ಕಾರು ಓಡಿಸ್ತಿದ್ದೆ. ತಿರುವಿನಿಂದ ನೋಡಿದ್ರೆ ಬರೀ ಬೆಳಕಿನ ಮುದ್ದೆ. ಗೇಟು ದಾಟಿ ಹೋಗಿ, ಸುತ್ತಿ ಬರೋಷ್ಟರಲ್ಲಿ ಹೊತ್ತಾಗಿತ್ತು. ಅಷ್ಟರಿಂದಲೇ ಮಾತು ಹೋಯ್ತು ಅಂತ ಡಾಕ್ಟರು ಹೇಳ್ಲಿಲ್ಲ. ನಂಗೆ ಮಾತ್ರ ಹಾಗೇ ಅನ್ಸತ್ತೆ. ನನ್ನ ಅಕ್ಷರ ನಂಗೇ ಓದೋಕಾಗ್ಲಿಲ್ಲ.”

ತಪ್ಪೊಪ್ಪಿಗೆಯ ಮೇಲೆ ದಸ್ತಗಿರಿ ಮಾಡಲಾಯಿತು. ಮಾತಿಲ್ಲದ ಅತ್ತೆ ಆಡುವ ಕೈಯಿಂದ ಸೊಸೆಯ ಮಣಿಕಟ್ಟು ಹಿಡಿದವಳು ಬಿಡಲೊಲ್ಲಳು. ಇನ್‌ಸ್ಪೆಕ್ಟರು ಮಂಚದ ಪಕ್ಕ ಬಗ್ಗಿ, “ಜಾಮೀನು ಸಿಗೋ ಕೇಸು ಅಮ್ಮಾ. ಊಟದ ಹೊತ್ತಿಗೆ ನಿಮ್ಮ ಸೊಸೇನ ನಾನೇ ತಂದು ಬಿಡ್ತೀನಿ,” ಎಂದ ಮೇಲೆ ಬೆರಳು ಒಂದೊಂದಾಗಿ ಸಡಿಲಾದವು. ಆಕೆಯ ಗಂಡ ಕೆಲಸದಿಂದ ಬಂದು ತಾಯಿಯ ಬಳಿ ಕೂತ ಮೇಲೆ ಹೊರಟರು.

ಮುಸ್ಸಂಜೆಗೆ ಠಾಣೆಯ ದಾರಿಯಲ್ಲಿ, ಆಸ್ಪತ್ರೆಯ ತಿರುವಿನಲ್ಲಿ ಇನ್‌ಸ್ಪೆಕ್ಟರು ಜೀಪು ನಿಲ್ಲಿಸಿದರು. ಬೋರ್ಡಿಗೆ ದೀಪ ಬಂದಿತ್ತು. ಕನ್ನಡಕ ಕಣ್ಣಿನಿಂದ ತೆಗೆದು ಕೈಯಲ್ಲಿ ಹಿಡಿದರು. ಹಗಲಿನ ಬಡಕಲು ಅಕ್ಷರಗಳು ಬೆಳಕು ಕುಡಿದು ಮೈತುಂಬಿಕೊಂಡಿದ್ದವು. ಅಷ್ಟು ದೂರದಿಂದಲೂ ನಿಚ್ಚಳ. ಕೊನೆಯ ಅಕ್ಷರವೊಂದೇ ಕರಗಿದ ಬೆಣ್ಣೆಯ ಹಾಗೆ ಕಲಸಿಹೋಗಿತ್ತು.

“ಬರಿ,” ಎಂದರು ದಫೇದಾರನಿಗೆ. “ದೀಪ ಉರಿಯುವಾಗ ಇನ್ನೊಂದು ಪಂಚನಾಮೆ.”

“ಉದ್ದೇಶ ಅಂತ ಏನು ಹಾಕ್ಲಿ ಸರ್?”

ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿದ್ದ ಆಕೆಯತ್ತ ತಿರುಗಿದರು. “ಒಂದಕ್ಷರ ಯಾಕೆ ಬಿಟ್ರಿ?”

“ಅತ್ತೆಗೆ ಮಾತ್ರೆ ಕೊಡೋ ಹೊತ್ತಾಗಿತ್ತು ಸರ್. ಇಳಿದುಬಿಟ್ಟೆ.”

ದಫೇದಾರ ಪೆನ್ನು ಹಿಡಿದು ಕಾಯುತ್ತಲೇ ಇದ್ದ.

“ಅದನ್ನೇ ಬರಿ,” ಎಂದರು ಇನ್‌ಸ್ಪೆಕ್ಟರು.