ಅಚ್ಚಿಗೆ ಸುತ್ತಿದ ಕೂದಲು

"ಚಕ್ರ ಸಿಕ್ಕಾಕ್ಕೊತದೆ, ಅಷ್ಟು ಸರಿ ಮಾಡ್ಕೊಡು. ಸದ್ದು ಮಾತ್ರ ನಿಲ್ಲಿಸ್ಬ್ಯಾಡ ಕಣಪ್ಪ. ಒಳಗೆ ಸುತ್ತಿರೋ ಕೂದ್ಲು ಮುಟ್ಬ್ಯಾಡ," ಎಂದು ದೊಡ್ಡಮಲ್ಲಮ್ಮ ಕೀ ಕೊಟ್ಟು ಓಡಿಸುವ ಆಟಿಕೆ ಎಂಜಿನ್ನನ್ನು ಮುಂದಿಟ್ಟರು.

ಶಂಕರ್‌ಗೆ ನಗು ತಡೆಯಲಾಗಲಿಲ್ಲ. ಮೈಸೂರಿನಿಂದ ಬಂದು ಚಾಮರಾಜನಗರದಲ್ಲಿ ಗಡಿಯಾರ, ಹಳೆಯ ಆಟಿಕೆಗಳ ರಿಪೇರಿ ಅಂಗಡಿ ಇಟ್ಟು ಮೂರೇ ತಿಂಗಳಾಗಿತ್ತು. ಸದ್ದು ಇರಲಿ ಎನ್ನುವ ಗಿರಾಕಿಯನ್ನು ಅವನು ಕಂಡದ್ದು ಇದೇ ಮೊದಲು. ಎಂಜಿನ್ ಹೊಸ್ತಿಲು ದಾಟಬಾರದೆಂದು ಮುದುಕಿ ಹಟ ಹಿಡಿದದ್ದರಿಂದ ಬೇಗೂರಿನವರೆಗೆ ತಾನೇ ಬಂದಿದ್ದ.

ಕಿಟಕಿ ಮುಚ್ಚಿದ ಕೋಣೆ ಹಗಲಲ್ಲೂ ಕತ್ತಲು. ಮುಲಾಮು, ಲೋಬಾನ, ಬೆವರಿನ ವಾಸನೆ. ಮಂಚದ ಮೇಲೆ ಅವರ ಮಗ ಶಶಿಕುಮಾರ, ಹನ್ನೊಂದು ವರ್ಷದಿಂದ ಮಿಸುಕದೆ ಮಲಗಿದವ. ಡಾಕ್ಟರುಗಳು ಕೈಚೆಲ್ಲಿದ ಮೇಲೆ ತಾಯಿ ಗಡಿಯಾಚೆಯ ಮಂತ್ರವಾದಿಯ ಕಾಲು ಹಿಡಿದಿದ್ದರು. ಅವನು ಮಗನ ಕೂದಲನ್ನು, ಮಗನೇ ಚಿಕ್ಕಂದಿನಲ್ಲಿ ಆಡಿದ ತಗಡಿನ ರೈಲಿನ ಚಕ್ರದ ಅಚ್ಚಿಗೆ ಸುತ್ತಿ, ಕೂದಲು ಬಿಚ್ಚದೆ ದಿನಕ್ಕೊಮ್ಮೆ ಇದನ್ನು ಕಿರುಗುಟ್ಟಿಸುತ್ತಿರುವವರೆಗೆ ಅವನ ಉಸಿರು ಹೋಗದು ಎಂದಿದ್ದನಂತೆ.

"ಅಚ್ಚಿಗೆ ಕೂದಲು ಸುತ್ಕೊಂಡ್ರೆ ಯಾವ ರೈಲಾದ್ರೂ ಕಿರುಗುಟ್ಟುತ್ತೆ ಅಜ್ಜಿ. ಇದಕ್ಕೆಂಥ ಮಂತ್ರ?"

ಮುದುಕಿ ನೀರು ತರಲು ಒಳಹೋದದ್ದೇ ತಡ, ಶಂಕರ್ ಚಿಮಟದಿಂದ ಕೂದಲು ಹಿಡಿದು ಜಗ್ಗಿ ನೆಲಕ್ಕೆ ಹಾಕಿದ. ರಿಪೇರಿಯವನ ಕೈ, ಕಿರುಗುಟ್ಟುವುದನ್ನು ಹಾಗೇ ಬಿಟ್ಟು ಏಳಲು ಅದಕ್ಕೆ ಆಗದು. ಒಂದು ಹನಿ ಎಣ್ಣೆ ಬಿಟ್ಟು ಕೀ ಕೊಟ್ಟ. ಎಂಜಿನ್ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಸದ್ದಿಲ್ಲ.

ಕೋಣೆಯಲ್ಲೂ ಸದ್ದಿಲ್ಲ.

ಮಂಚದ ಕಡೆ ತಿರುಗಿದ. ಎದೆ ಏಳುತ್ತಿಲ್ಲ. ತುಟಿ ಕಪ್ಪಿಟ್ಟಿದೆ. ನೆಲ ತಡಕಿ ಕೂದಲು ಎತ್ತಿಕೊಂಡ. ಸುತ್ತಿದ. ಜಾರಿತು. ಮತ್ತೆ ಸುತ್ತಿದ. ಕೀ ಕೊಟ್ಟ.

ಕಿರ್ರ್...

ಎದೆ ಎದ್ದಿತು. ಶಶಿಕುಮಾರ ಕಣ್ಣು ಬಿಟ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ತುಟಿ ಅಲುಗಿತು.

"ಬುಟ್ಬುಡವ್ವ... ಸಾಕು."

ಬಾಗಿಲಲ್ಲಿ ಚೊಂಬು ಉರುಳಿತು. ದೊಡ್ಡಮಲ್ಲಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನೋಡಲಾಗದೆ ಶಂಕರ್ ಗೋಡೆಯ ಕಡೆ ಮುಖ ತಿರುಗಿಸಿದ. ಎಂಜಿನ್ ಕಿರುಗುಟ್ಟುತ್ತಲೇ ಇತ್ತು.

"ಹೆತ್ತ ಕೈ ಕಣಪ್ಪ, ನನ್ಕೈಲಾಗಾಕಿಲ್ಲ," ಎಂದರು ಕೊನೆಗೆ. "ನೀನು ಇದ್ನೆಲ್ಲ ನಂಬಾಕಿಲ್ವಲ್ಲ. ನೀನೇ ಆ ಕೂದ್ಲು ತಗ್ದುಬುಡು."

ಶಂಕರ್ ಚಿಮಟ ಎತ್ತಿಕೊಂಡ. ಈಗ ಅವನು ನಂಬಿದ್ದ. ಕಣ್ಣು ಮುಚ್ಚಿ ಜಗ್ಗಿದ.