ಆರಿಸದ ಬುಟ್ಟಿ

"ರೀ... ನಿಲ್ಲಿ! ಆ ಮೀನು ನಂದು!"

ಬಂದರಿನ ಕಟ್ಟೆಯ ಮೇಲೆ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದವಳು ತಲೆಯೆತ್ತಿದಳು. ಎದುರಿಗೆ ದೋಣಿಯವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಣ್ಣಲ್ಲಿ ಕೆಂಡ!

"ನಿಮ್ಮಕ್ಕನ್ನ ಕೇಳೇ ತಗೊಂಡೆ. ಇದು ಏನು ತಿಂದಿದೆ ಅಂತ ನೋಡ್ಬೇಕು."

"ಅದು ಏನು ತಿಂದ್ರೆ ನಿಮಗೇನ್ರೀ?"

"ಸಣ್ಣದನ್ನ ದೊಡ್ಡದು ತಿನ್ನುತ್ತೆ, ಅದನ್ನ ಇನ್ನೂ ದೊಡ್ಡದು. ಮೆಟ್ಟಿಲಿದ್ದ ಹಾಗೆ. ಮೇಲಿನವನ್ನೆಲ್ಲ ನಾವು ಹಿಡಿದು ಮುಗಿಸಿದ್ರೆ ಬಲೆಗೆ ಬರೀ ಕೆಳಗಿನವೇ ಬೀಳ್ತವೆ. ಎಷ್ಟು ಮೆಟ್ಟಿಲು ಇಳಿದಿದೀವಿ ಅಂತ ಲೆಕ್ಕ ಹಾಕೋದು ನನ್ನ ಕೆಲಸ."

ಕೆಂಡ ಆರಿತು. ಅವನು ನಕ್ಕುಬಿಟ್ಟ.

"ಸರಿ ಮೀನು ಡಾಕ್ಟ್ರೇ, ನಾಳೆಯಿಂದ ನಿಮ್ಮ ಬುಟ್ಟಿ ನಾನೇ ತುಂಬಿಸಿಡ್ತೀನಿ."

ಉಳಿದ ದೋಣಿಯವರಿಗೆಲ್ಲ 'ಆರಿಸಬೇಡಿ, ಬಲೆಗೆ ಬಿದ್ದದ್ದನ್ನು ಬಿದ್ದ ಹಾಗೇ ಕೊಡಿ' ಎಂದು ಹೇಳುವವಳು ಇವನಿಗೆ ಮಾತ್ರ ಹೇಳಲು ಮರೆತಳು. ಮುಖ ನೋಡುತ್ತ ಕೂತರೆ ಇನ್ನೇನಾಗುತ್ತದೆ!

ದಿನವೂ ಬುಟ್ಟಿ ಬಂತು. ಜೊತೆಗೆ ಚಹಾ, ಹರಟೆ, ಒಂದಿಷ್ಟು ಕೀಟಲೆ. ಬೆಳಗಾದರೆ ಸಾಕು, ಅವಳ ಕಾಲು ತಾನಾಗಿ ಬಂದರಿನ ಕಡೆ ಎಳೆಯುತ್ತಿತ್ತು.

ಲೆಕ್ಕ ಮಾತ್ರ ಕೈಕೊಟ್ಟಿತು. ಎಲ್ಲ ದೋಣಿಗಳ ಮೆಟ್ಟಿಲಿನ ಅಂಕಿ ಇಳಿದಿದ್ದರೆ ಇವನದೊಂದು ಏರಿತ್ತು.

"ಇವನೊಬ್ಬನಿಗೆ ಬೇರೆ ಸಮುದ್ರ ಇದೆಯೇನಮ್ಮಾ?" ಎಂದರು ಅವಳ ಮೀನು ಸಂಶೋಧನಾ ಕಚೇರಿಯ ಹಿರಿಯರು.

ಮರುದಿನ ಬೇಗ ಹೋಗಿ ನೋಡಿದಳು. ಬಲೆಯ ರಾಶಿಯಿಂದ ದೊಡ್ಡ ಮೀನುಗಳನ್ನೇ ಹೆಕ್ಕಿ ಅವಳ ಬುಟ್ಟಿಗೆ ಹಾಕುತ್ತಿದ್ದ!

"ಅಂಕಿ ಇಳಿದ್ರೆ ಕೆಲವು ತಿಂಗಳು ಮೀನುಗಾರಿಕೆ ನಿಲ್ಲಿಸ್ತಾರೆ ಅಂತ ಈ ಮೋಸನಾ? ನನ್ನ ಕೆಲಸವೆಲ್ಲ ನೀರಲ್ಲಿ ಹೋಮ ಆಯ್ತಲ್ರೀ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ತಿರುಗಿ ನೋಡದೆ ನಡೆದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

'ನನಗೇ ಮೋಸ ಮಾಡಿದನಲ್ಲ... ಆ ನಗುವೂ ಸುಳ್ಳೇ?'

ಸಂಜೆ ಅವನ ಅಕ್ಕ ಕಚೇರಿಗೇ ಬಂದಳು. ಕೈಯಲ್ಲಿನ್ನೂ ಮೀನಿನ ಹುರುಪೆ ಅಂಟಿತ್ತು.

"ಮೋಸ ಮಾಡೋಕೂ ಬುದ್ಧಿ ಬೇಕು ಡಾಕ್ಟ್ರಮ್ಮಾ! ಒಳ್ಳೇ ಬೆಲೆ ಬರೋ ಮೀನನ್ನ ಮಾರದೆ ನಿಮಗೆ ಅಂತ ಎತ್ತಿಟ್ಟ. ಒಳ್ಳೇದು ಡಾಕ್ಟ್ರಿಗಿರಲಿ ಅಕ್ಕಾ ಅಂತಿದ್ದ. ಆರಿಸಬಾರದು ಅಂತ ಅವನಿಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ತಲೆತಗ್ಗಿಸಿದಳು.

ಬೆಳಿಗ್ಗೆ ಕಟ್ಟೆಯ ಮೇಲೆ ಬುಟ್ಟಿಯಿತ್ತು. ಬೆರಳುದ್ದದ ಮೀನುಗಳು, ಕಾಲು ಮುರಿದ ಏಡಿ, ಜೆಲ್ಲಿ ಮೀನು.

"ಆರಿಸಿಲ್ಲ," ಎಂದ ಅವನು, ನೆಲ ನೋಡುತ್ತ. "ಬಿದ್ದದ್ದೇ ಇಷ್ಟು."

"ಹೇಳದೆ ಇದ್ದದ್ದು ನಾನು. ಬೈದದ್ದೂ ನಾನೇ... ತಪ್ಪಾಯ್ತು." ಅವಳು ಲೆಕ್ಕದ ಪುಸ್ತಕ ತೆರೆದಳು. "ಆದ್ರೆ ಇದನ್ನ ಬರೆದ್ರೆ ನಿಮ್ಮ ದೋಣಿ ದಡದಲ್ಲಿ ಕೂರುತ್ತೆ, ಗೊತ್ತಲ್ವಾ?"

"ಗೊತ್ತು. ಬರೀರಿ. ದೊಡ್ಡ ಮೀನು ವಾಪಸ್ ಬರೋವರೆಗೆ ಬಲೆ ಹೆಣೀತಾ ಕೂರ್ತೀನಿ." ಬುಟ್ಟಿಯನ್ನು ಅವಳತ್ತ ಸರಿಸಿ ಕೇಳಿದ. "ನೀವು... ಪಕ್ಕದಲ್ಲಿ ಇರ್ತೀರಾ?"

"ಇರ್ತೀನಿ."

ಅವಳ ಕೈ ಹಿಡಿಯಲು ಚಾಚಿದವನು ಹಿಂದೆಳೆದುಕೊಂಡ.

"ಬೇಡ... ಕೈ ಮೀನು ನಾರುತ್ತೆ."

"ನನ್ನದೇನು ಮಲ್ಲಿಗೆ ಘಮ್ ಅಂತಿದೆಯಾ? ಕೊಡ್ರೀ ಇಲ್ಲಿ!"