ದಾರಿ ಕೇಳದ ಏಳನೆಯ ಆಟಗಾರ

ಯಾಗೊದಾ ಬಾಗಿಲು ತಟ್ಟದೆ ಒಳಗೆ ಬಂದಾಗಲೇ ಏನೋ ಎಡವಟ್ಟಾಗಿದೆ ಎಂದು ನನಗೆ ಅನ್ನಿಸಿತು. ಹಾಗೆ ಬಂದವರನ್ನು ಹಲಿನಾ ವ್ರೊನಾ ಬಂದ ದಾರಿಯಲ್ಲೇ ವಾಪಸ್ ಕಳಿಸುವುದು ರೂಢಿ. ಆ ಮಂಗಳವಾರ ಮಾತ್ರ ಅವಳ ಮುಖ ನೋಡಿ, ಕುರ್ಚಿಯ ಮೇಲಿದ್ದ ತಮ್ಮ ಕೋಟು ತೆಗೆದು ಜಾಗ ಮಾಡಿಕೊಟ್ಟರು.

"ಪಾನಿ ಹಲಿನಾ, ನನ್ನ ಕೆಲಸ ಹೋಯ್ತು."

"ಹೋಯ್ತೋ, ಹೋಗೋದಿದೆಯೋ?"

"ಗುರುವಾರ ಹೋಗುತ್ತೆ."

"ಹಾಗಾದ್ರೆ ಇನ್ನೂ ಟೈಮ್ ಇದೆ. ಕೂತ್ಕೊ. ತಿಮೊನ್, ಇವಳಿಗೊಂದು ಚಹಾ ತಾ."

ತಿಮೊನ್ ಎಂದರೆ ನಾನೇ. ಪಾನಿ ಎಂಬುದು ನಮ್ಮಲ್ಲಿ ಹೆಂಗಸರ ಹೆಸರಿನ ಮುಂದೆ, ಪಾನ್ ಎಂಬುದು ಗಂಡಸರ ಹೆಸರಿನ ಮುಂದೆ ಹಚ್ಚುವ ಗೌರವದ ಮಾತು. ವುಚ್ ಪಟ್ಟಣದ ಹಳೆಯ ನೂಲಿನ ಕಾರ್ಖಾನೆಯೊಂದರಲ್ಲಿ ನಮ್ಮ ವಿಡಿಯೊ ಗೇಮ್ ಕಂಪನಿ ಇತ್ತು. ಹಲಿನಾ ಅಲ್ಲಿ ಪರೀಕ್ಷಕರ ಮುಖ್ಯಸ್ಥೆ, ನಾನು ಅವರ ಬಲಗೈ. ಆಟದಲ್ಲಿ ಎಲ್ಲಿ ಪಾತ್ರ ಗೋಡೆಯೊಳಗೆ ತೂರಿಹೋಗುತ್ತದೆ, ಎಲ್ಲಿ ಕುದುರೆ ಗಾಳಿಯಲ್ಲಿ ನಿಲ್ಲುತ್ತದೆ ಎಂದು ಹುಡುಕುವುದು ನಮ್ಮ ಸಂಬಳದ ಕೆಲಸ. ಫ್ರಿಜ್‌ನಲ್ಲಿಟ್ಟ ಸಾಸೇಜ್ ಯಾರು ತಿಂದರು, ಯಾರ ಮಾತು ಯಾರ ಕಿವಿಗೆ ಹೋಯಿತು ಎಂದು ಹುಡುಕುವುದು ಹಲಿನಾ ಅವರಿಗೆ ಸಂಬಳವಿಲ್ಲದೆ ಅಂಟಿಕೊಂಡ ಕೆಲಸ. ಆ ಎರಡನೆಯದರಲ್ಲೇ ಅವರಿಗೆ ಹೆಚ್ಚು ರುಚಿ.

ನಾವಾಗ ಕಟ್ಟುತ್ತಿದ್ದ ಆಟದ ಹೆಸರು 'ಮಂಜಿನಾಚೆಯ ನಾಡು'. ಬೆಟ್ಟ, ಹೊಳೆ, ಹಳ್ಳಿಗಳಿರುವ ಒಂದು ಇಡೀ ನಾಡು. ಆಟಗಾರ ಅದರೊಳಗೊಬ್ಬ ಪಾತ್ರವಾಗಿ ಮನಸ್ಸು ಬಂದಲ್ಲಿ ಅಲೆಯಬಹುದು. ಇಂಥ ಆಟಗಳಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂದು ತೋರಿಸುವ ಬಾಣದ ಗುರುತೊಂದು ತೆರೆಯ ಮೇಲಿರುವುದು ವಾಡಿಕೆ. ವಿನ್ಯಾಸದ ಹೊಣೆ ಹೊತ್ತ ಯಾಗೊದಾ ಅದನ್ನು ಕಿತ್ತು ಹಾಕಿದ್ದಳು. ದಾರಿ ಬೇಕಾದರೆ ಆಟದೊಳಗಿನ ಹಳ್ಳಿಯವರನ್ನು ಕೇಳಬೇಕು. ಈ ಒಂದು ಬಾಣಕ್ಕಾಗಿ ಕಂಪನಿ ಎರಡು ಹೋಳಾಗಿ, ಊಟದ ಮೇಜೂ ಎರಡಾಗಿತ್ತು.

ಭಾನುವಾರ ಹೊರಗಿನ ಹತ್ತು ಜನರನ್ನು ಕರೆಸಿ ಆಡಿಸಿದ್ದೆವು. ಕಾಯಿಲೆ ಬಿದ್ದ ಮಗುವಿಗೆ ಜೇನುಗಾರನ ಮನೆಯಿಂದ ಜೇನು ತರುವುದು, ಇಷ್ಟೇ ಆಟ. ಒಬ್ಬೊಬ್ಬರ ಆಟವೂ ರೆಕಾರ್ಡ್ ಆಗಿತ್ತು. ಒಂಬತ್ತು ಜನ ಬೈದುಕೊಂಡೋ ನಗುತ್ತಲೋ ಜೇನು ತಂದಿದ್ದರು. ಏಳನೆಯವನು ಮಾತ್ರ ಊರೂರು ಸುತ್ತಿ, ಯಾರನ್ನೂ ಮಾತಾಡಿಸದೆ, ಕೊನೆಗೆ "ಇಲ್ಲಿ ದಾರಿ ಹೇಳುವ ಒಂದು ನರಪಿಳ್ಳೆಯೂ ಇಲ್ಲ, ಇಂಥ ಆಟ ಯಾರು ಕೊಳ್ಳುತ್ತಾರೆ" ಎಂದು ಬರೆದಿಟ್ಟು ಎದ್ದುಹೋಗಿದ್ದ. ಯಾರೋ ಹೆಸರು ಹಾಕದೆ ಅದೊಂದನ್ನೇ ಆರಿಸಿ, ನಮಗೆ ಬಂಡವಾಳ ಹಾಕಿದ್ದ ವಾರ್ಸಾದ ಪಾನಿ ಎಲ್ವಿರಾ ಅವರಿಗೆ ಕಳಿಸಿಬಿಟ್ಟಿದ್ದರು. ಅವರು ಗುರುವಾರ ಬರುವವರಿದ್ದರು. ಬಾಣ ಮರಳಿ ಬರಬೇಕು, ಯಾಗೊದಾ ಹೊರಡಬೇಕು ಎಂದು ಫೋನಿನಲ್ಲೇ ಹೇಳಿಯಾಗಿತ್ತು.

"ಕಳಿಸಿದ್ದು ಯಾರು ಅಂತ ನಂಗೆ ಬೇಡ. ಆ ಮನುಷ್ಯ ಯಾರನ್ನೂ ಯಾಕೆ ಕೇಳ್ಲಿಲ್ಲ, ಅದು ಗೊತ್ತಾಗ್ಬೇಕು. ನನ್ನ ವಿನ್ಯಾಸ ತಪ್ಪಾಗಿದ್ರೆ ನಾನೇ ಹೋಗ್ತೀನಿ. ಆದ್ರೆ ತಪ್ಪು ಯಾವ್ದು ಅಂತ ತಿಳ್ಕೊಂಡೇ ಹೋಗೋದು," ಎಂದಳು ಯಾಗೊದಾ. ನನಗೆ ಅವಳ ಮೇಲೆ ಗೌರವ ಬಂತು.

ನಾವು ಮೂವರೂ ಕೂತು ಆ ರೆಕಾರ್ಡಿಂಗ್ ನೋಡಿದೆವು. ಏಳನೆಯವನು ಗುಡಿಸಲಿನಿಂದ ನೇರ ಹೊರಗೆ ಬಂದ. ಹೊಳೆ ದಾಟುವಾಗ ಕಲ್ಲು ಸೇತುವೆಯ ಬಲಗಡೆಯ ಕಟ್ಟೆಗೆ ಆತುಕೊಂಡು ಅರ್ಧ ಸುತ್ತು ಹಾಕಿ ಹೋದ. ಮೂರು ಹಳ್ಳಿ ಸುತ್ತಿದ. ಹಳ್ಳಿಯವರು ಹತ್ತಿರ ಬಂದವರನ್ನು ತಾವೇ ಕೂಗಿ ಮಾತಾಡಿಸುವಂತೆ ಮಾಡಿದ್ದೆವು. ಅವನು ಒಬ್ಬರಿಗೂ ಅಷ್ಟು ಹತ್ತಿರ ಹೋಗಲಿಲ್ಲ.

"ಏನು ಕಾಣಿಸ್ತು, ತಿಮೊನ್?" ಹಲಿನಾ ಒಣ ಪ್ಲಮ್ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡರು.

"ಮೊದ್ದು ಆಟಗಾರ, ಅಷ್ಟೇ."

"ನೀನು ಮೊದ್ದು ಪರೀಕ್ಷಕ. ಉಳಿದ ಒಂಬತ್ತು ಜನ ಗುಡಿಸಲಲ್ಲಿ ಮೊದಲು ಏನ್ ಮಾಡಿದ್ರು?"

ಹಾಕಿ ನೋಡಿದೆ. ಒಬ್ಬ ಕಾರಣವಿಲ್ಲದೆ ನೆಗೆದ. ಒಬ್ಬಳು ಮಡಕೆ ಒಡೆದಳು. ಮತ್ತೊಬ್ಬ ಕೋಳಿಗೆ ಒದೆಯಲು ಹೋಗಿ ಒಲೆಗೆ ಡಿಕ್ಕಿ ಹೊಡೆದ.

"ನೆಂಟರ ಮನೆಗೆ ಮೊದಲ ಸಲ ಬಂದ ಮಗು ಎಲ್ಲಾನೂ ಮುಟ್ಟಿ ನೋಡುತ್ತೆ. ಹೊಸ ಆಟಗಾರನೂ ಹಾಗೇ, ಈ ಲೋಕ ನಂಗೆ ಎಷ್ಟು ಮಾಡೋಕೆ ಬಿಡುತ್ತೆ ಅಂತ ಮೊದಲು ನೋಡ್ತಾನೆ. ಈ ಮಹಾಶಯ ಸ್ವಂತ ಮನೆಯಿಂದ ಕಸ ಹಾಕೋಕೆ ಹೊರಟವನ ಹಾಗೆ ಹೊರಟ. ಅವನ ಫೋನ್ ನಂಬರ್ ಹುಡುಕು."

ಏಳನೆಯವರು ಪಾನ್ ಗುಸ್ತಾವ್ ಎಂಬ ಟ್ರಾಮ್ ಚಾಲಕರು. ಆಟ ಹೇಗಿತ್ತೆಂದು ಹಲಿನಾ ಕೇಳಿದ್ದೇ ತಡ, ಆಚೆಯಿಂದ ನಗು ಕೇಳಿಸಿತು.

"ಬಟ್ಟೆ ಒಗೀತಿದ್ದ ಆ ಹೆಂಗಸು ನನಗೆ ಏನ್ ಬೈದ್ಲು ಅಂತೀರಿ! ದಾರಿ ಕೇಳಿದ್ರೆ, ಮೊದಲು ಬೂಟು ಒರೆಸ್ಕೋ ಅಂದ್ಲು. ಥೇಟ್ ನಮ್ಮತ್ತೆ. ಜೇನು ತಂದು ಕೊಟ್ಟೆನಲ್ಲ, ಆ ಮಗು ಉಳಿತು ತಾನೇ?"

"ಉಳಿತು," ಎಂದು ಹಲಿನಾ ಫೋನ್ ಇಟ್ಟರು. ಅವರ ಮುಖದಲ್ಲಿ ನಗುವಿರಲಿಲ್ಲ. "ಇದು ಅವರ ಆಟ ಅಲ್ಲ. ಅವರದನ್ನ ಅಳಿಸಿ, ಆ ಜಾಗದಲ್ಲಿ ನಮ್ಮವರೇ ಯಾರೋ ತಾವು ಆಡಿದ್ದನ್ನ ಇಟ್ಟಿದ್ದಾರೆ. ಭಾನುವಾರ ಆಟಗಾರರು ಹೋದ ಮೇಲೆ ಯಾರ್ಯಾರು ಉಳಿದಿದ್ರು?"

ಉಳಿದವರು ನಾಲ್ವರು. ಯಾಗೊದಾ, ಕಂಪನಿಯ ಯಜಮಾನ ಇಗ್ನಾತ್ಸಿ, ಆ ನಾಡಿನ ಬೆಟ್ಟ ಸೇತುವೆಗಳನ್ನೆಲ್ಲ ಕಟ್ಟಿದ ಕೊರ್ನೆಲ್, ಮತ್ತು ಕಂಪನಿ ಹುಟ್ಟಿದಂದಿನಿಂದ ಇದ್ದ ಸೆವೆರಿನ್. ಸೆವೆರಿನ್ ಅವರನ್ನು ನಾವೆಲ್ಲ ಮಾವ ಎಂದೇ ಕರೆಯುತ್ತಿದ್ದೆವು. ನಮ್ಮಲ್ಲಿ ಅರ್ಧ ಜನಕ್ಕೆ ಕೆಲಸ ಕಲಿಸಿದವರೇ ಅವರು.

ನನಗೆ ಕೊರ್ನೆಲ್ ಮೇಲೆಯೇ ಗುಮಾನಿ. ಯಾಗೊದಾ ಜೊತೆ ವಾರಕ್ಕೊಮ್ಮೆ ಜಗಳವಾಡುವುದು ಅವನಿಗೆ ಸ್ನಾನದಷ್ಟೇ ಅಭ್ಯಾಸವಾಗಿತ್ತು. ಅಡುಗೆಕೋಣೆಯಲ್ಲಿ ಸಿಕ್ಕಾಗ ಮೆಲ್ಲಗೆ ಭಾನುವಾರದ ಮಾತೆತ್ತಿದೆ.

"ನಾನು ಕುರ್ಚಿ ಜೋಡಿಸಿ ಮನೆಗೆ ಹೋದೆ. ಯಾಕೆ, ನನ್ನ ಮೇಲೆ ಅನುಮಾನವಾ?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ. ಜೊತೆಗಿದ್ದ ಹಲಿನಾ ಮಾತ್ರ ಅವನ ಸೇತುವೆಯನ್ನು ಹೊಗಳತೊಡಗಿದರು.

"ಈಗ ಹೊಗಳ್ತೀರಿ, ಶರತ್ಕಾಲದಲ್ಲಿ ಅದು ನನ್ನ ಮಾನ ಕಳೆದಿತ್ತು," ಎಂದ ಕೊರ್ನೆಲ್. "ನಟ್ಟನಡುವೆ ಕಣ್ಣಿಗೆ ಕಾಣದ ತೂತು. ಕಾಲಿಟ್ಟೋರು ನೆಲದ ಕೆಳಗೆ ಬಿದ್ದು ಹೋಗೋರು. ಕ್ರಿಸ್‌ಮಸ್‌ಗೆ ಮುಂಚೆ ಮುಚ್ಚಿದೆ. ಈಗ ನಾನೂ ಯಾಗೊದಾನೂ ದಿನಾ ಅದರ ಮೇಲೇ ಓಡಾಡ್ತೀವಿ. ಆನೆ ಹೋದ್ರೂ ತಡೆಯುತ್ತೆ."

ಅಷ್ಟರಲ್ಲಿ ಮಾವ ಕಾಫಿಗೆಂದು ಒಳಗೆ ಬಂದರು. "ನನ್ನ ಕುದುರೆ ಎಷ್ಟು ಸಲ ಅದರೊಳಗೆ ಬಿತ್ತೋ," ಎಂದು ನಕ್ಕರು.

"ಈಗ ಬೀಳಲ್ಲ ಅಲ್ವಾ ಮಾವ?" ಎಂದೆ.

"ನಾನೆಲ್ಲಿ ಆ ಕಡೆ ಹೋಗ್ತೀನಪ್ಪ? ನವೆಂಬರ್‌ನಿಂದ ನನ್ನನ್ನ ಆಟದ ಹಿಮದ ಬೆಟ್ಟಗಳ ಕೆಲಸಕ್ಕೆ ಹಾಕಿದ್ದಾರೆ. ತೋಳಗಳ ಜೊತೆ ಸಂಸಾರ." ಆಮೇಲೆ ದನಿ ತಗ್ಗಿಸಿದರು. "ಯಾಗೊದಾ ಒಳ್ಳೆ ಹುಡುಗಿ. ಆದ್ರೆ ಒಂದು ಮಾತು, ಆಟಗಾರ ಸ್ವಾತಂತ್ರ್ಯ ಬೇಕು ಅಂತ ಬಾಯಲ್ಲಿ ಹೇಳ್ತಾನೆ. ಅವನಿಗೆ ನಿಜವಾಗಿ ಬೇಕಾಗಿರೋದು ಕೈ ಹಿಡಿದು ಕರ್ಕೊಂಡು ಹೋಗೋರು."

ಕೋಣೆಗೆ ಮರಳಿದ ಮೇಲೆ, ಕೊರ್ನೆಲ್‌ನನ್ನು ಇಗ್ನಾತ್ಸಿ ಎದುರು ನಿಲ್ಲಿಸೋಣ ಎಂದೆ. ಹಲಿನಾ ನನ್ನನ್ನು ಕನಿಕರದಿಂದ ನೋಡಿದರು.

"ನಿಲ್ಲಿಸಿದ್ರೆ ಅವನು ಇಲ್ಲ ಅಂತಾನೆ. ಯಾರನ್ನ ಕೇಳಿದ್ರೂ ಇಲ್ಲ ಅಂತಾರೆ. ಬಾಯಿ ಸುಳ್ಳು ಹೇಳುತ್ತೆ, ತಿಮೊನ್. ಬೆರಳು ಅಷ್ಟು ಚುರುಕಲ್ಲ. ಗುರುವಾರಕ್ಕೆ ಪೊಂಚ್ಕಿ ತರಿಸು, ಎಲ್ಲರಿಗೂ ಸಾಕಾಗೋಷ್ಟು."

ಅದು ಕ್ರೈಸ್ತರ ಉಪವಾಸದ ಕಾಲಕ್ಕೆ ಮುಂಚಿನ ಕೊನೆಯ ಗುರುವಾರ. ಗುಲಾಬಿ ಜಾಮ್ ತುಂಬಿ ಕರಿದ ಪೊಂಚ್ಕಿ ಅಂದು ತಿನ್ನದವನಿಗೆ ವರ್ಷವಿಡೀ ಅದೃಷ್ಟವಿಲ್ಲ ಎಂದು ನಮ್ಮಲ್ಲಿ ನಂಬಿಕೆ. ದೊಡ್ಡ ಸಭಾಂಗಣದಲ್ಲಿ ಎಲ್ಲರ ಬೆರಳಿಗೂ ಸಕ್ಕರೆ ಮೆತ್ತಿಕೊಂಡಿತ್ತು. ಪಾನಿ ಎಲ್ವಿರಾ ಕೋಟು ಕೂಡ ಬಿಚ್ಚದೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಯಾಗೊದಾ ಏನನ್ನೂ ಮುಟ್ಟಿರಲಿಲ್ಲ.

"ಮಾತಿಗೆ ಮುಂಚೆ ಒಂದು ಪಂದ್ಯ," ಎಂದರು ಹಲಿನಾ. "ಭಾನುವಾರದ್ದೇ ಆಟ. ಗುಡಿಸಲಿಂದ ಹೊಳೆಯಾಚೆ ಇರೋ ಹಳ್ಳಿ ಬಾವಿ ತನಕ ಯಾರು ಬೇಗ ಓಡ್ತಾರೋ ಅವರಿಗೆ ಈ ದೊಡ್ಡ ಪೊಂಚ್ಕಿ. ಮೊದಲು ಯಜಮಾನರು."

ಇಗ್ನಾತ್ಸಿ ಗೊಣಗಿದ, ಆದರೂ ಕೂತ. ದೊಡ್ಡ ತೆರೆಯ ಮೇಲೆ ಅವನ ಪಾತ್ರ ಒಮ್ಮೆ ನೆಗೆದು, ಬಾಗಿಲಿಗೆ ಡಿಕ್ಕಿ ಹೊಡೆದು, ಸೇತುವೆಯ ನಡುವೆಯೇ ಓಡಿತು. ಎಲ್ಲರೂ ನಕ್ಕರು. ಕೊರ್ನೆಲ್ ಸೇತುವೆಯ ನಡುಮಧ್ಯದಲ್ಲಿ ಸರಕ್ಕನೆ ದಾಟಿದ. ಯಾಗೊದಾ ಕೂಡ ಹಾಗೆಯೇ ನೇರವಾಗಿ ದಾಟಿದಳು.

"ಮಾವ, ಈ ಮಕ್ಕಳಿಗೆ ತೋರಿಸಿ ನೋಡೋಣ," ಎಂದರು ಹಲಿನಾ.

ಸೆವೆರಿನ್ ಅಂಗಿಯ ತೋಳು ಮಡಚಿಕೊಂಡು ಕೂತರು. ಅವರ ಓಟ ಎಲ್ಲರಿಗಿಂತ ಚುರುಕಾಗಿತ್ತು. ಸೇತುವೆ ಬಂತು. ಅವರ ಪಾತ್ರ ಬಲಕ್ಕೆ ತಿರುಗಿ, ಕಟ್ಟೆಗೆ ಆತುಕೊಂಡು ಅರ್ಧ ಸುತ್ತು ಹಾಕಿ, ಮತ್ತೆ ನಡುವಿಗೆ ಬಂದು ಓಡಿತು. ನನ್ನ ಬಾಯಲ್ಲಿದ್ದ ಪೊಂಚ್ಕಿ ಅಲ್ಲೇ ನಿಂತಿತು.

"ಮಾವ, ಯಾಕೆ ಹಾಗೆ ಸುತ್ತಿ ಹೋದ್ರಿ?" ಹಲಿನಾ ಮೆಲ್ಲಗೆ ಕೇಳಿದರು.

"ಎಲ್ಲಿ ಸುತ್ತಿದೆ?" ಎಂದರು ಅವರು. ತಾವು ಸುತ್ತಿದ್ದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಹಲಿನಾ ಏಳನೆಯ ರೆಕಾರ್ಡಿಂಗ್ ಹಾಕಿದರು. ಅದೇ ಸೇತುವೆ, ಅದೇ ಬಲಗಡೆಯ ಕಟ್ಟೆ, ಅದೇ ಅರ್ಧ ಸುತ್ತು. ಆಮೇಲೆ ಸಭೆಯತ್ತ ತಿರುಗಿ ಒಂದೊಂದನ್ನೇ ಬಿಡಿಸಿ ಹೇಳಿದರು.

"ಇದನ್ನ ಆಡಿದವರು ಹೊಸಬರಲ್ಲ. ಹೊಸಬರು ನೆಗೀತಾರೆ, ಮಡಕೆ ಒಡೀತಾರೆ, ಇವರು ಒಡೀಲಿಲ್ಲ. ಹಳ್ಳಿಯವರು ಎಷ್ಟು ಹತ್ತಿರ ಹೋದ್ರೆ ಮಾತಾಡ್ತಾರೆ ಅಂತ ಇವರಿಗೆ ಗೊತ್ತಿತ್ತು. ಪ್ರತಿ ಸಲ ಅದರ ಹೊರಗೇ ನಡೆದ್ರು. ಏಳನೇ ಕುರ್ಚಿಯ ಪಾನ್ ಗುಸ್ತಾವ್ ದಾರಿ ಕೇಳಿ, ಬೈಸ್ಕೊಂಡು, ಜೇನು ತಂದೆ ಅಂತ ನನಗೇ ಹೇಳಿದ್ರು. ಅಂದ್ರೆ ಇದು ನಮ್ಮ ಮನೆಯವರ ಕೈ. ಇನ್ನು ಸೇತುವೆ. ಇಲ್ಲದ ತೂತನ್ನ ಸುತ್ತಿ ಹೋಗೋರು ಯಾರು? ಅದರಲ್ಲಿ ಬಿದ್ದು ಬಿದ್ದು ಬೆರಳಿಗೆ ಬುದ್ಧಿ ಬಂದಿರಬೇಕು. ಇಗ್ನಾತ್ಸಿ ಯಾವತ್ತೂ ಬಿದ್ದಿಲ್ಲ, ಯಾಕಂದ್ರೆ ಯಾವತ್ತೂ ಆಡಿಲ್ಲ. ಕೊರ್ನೆಲ್, ಯಾಗೊದಾ ಬಿದ್ದಿದ್ರು. ಆದ್ರೆ ತೂತು ಮುಚ್ಚಿದ ಮೇಲೆ ದಿನಾ ಓಡಾಡಿ ಅವರ ಬೆರಳು ಆ ಭಯ ಮರೆತಿದೆ. ತೂತು ಇದ್ದಾಗ ಬಿದ್ದು, ಮುಚ್ಚೋಕೆ ಮುಂಚೆ ಹಿಮದ ಬೆಟ್ಟಕ್ಕೆ ಹೋದವರು ಒಬ್ಬರೇ."

ಸೆವೆರಿನ್ ಕುರ್ಚಿಯನ್ನು ತೆರೆಯಿಂದ ಹಿಂದಕ್ಕೆ ಸರಿಸಿದರು. ಅಲ್ಲಗಳೆಯಲಿಲ್ಲ. ಕೊರ್ನೆಲ್ ಆಗಿದ್ದರೆ ಚೆನ್ನಾಗಿತ್ತು ಎಂದು ನನ್ನ ಮನಸ್ಸು ನಾಚಿಕೆಯಿಲ್ಲದೆ ಹಂಬಲಿಸಿತು.

"ನಮ್ಮನ್ನ ನಂಬಿ ಎಷ್ಟು ಮನೆ ನಡೀತಿದೆ ಗೊತ್ತಾ?" ಎಂದರು ಮಾವ. "ದಾರಿ ತಪ್ಪಿದ ಆಟಗಾರ ಕಾಯಲ್ಲ. ನಮ್ಮದನ್ನ ಮುಚ್ಚಿ ಬೇರೆ ಆಟ ತಗೋತಾನೆ. ನನ್ನ ಆಯಸ್ಸೆಲ್ಲ ನೋಡಿರೋದು ಅದನ್ನೇ. ಆಟ ಉಳಿಸೋಕೆ ಮಾಡ್ದೆ."

"ನಿಮ್ಮ ಹೆದರಿಕೆ ಸರಿಯೇ ಇರಬಹುದು, ಮಾವ," ಎಂದರು ಹಲಿನಾ. "ಅದನ್ನ ನಿಮ್ಮ ಬಾಯಲ್ಲೇ ಹೇಳ್ಬೇಕಿತ್ತು. ಇನ್ನೊಬ್ಬ ಮನುಷ್ಯ ಖುಷಿಯಾಗಿ ಆಡಿದ್ದನ್ನ ಅಳಿಸಿ, ಅವನ ಬಾಯಿಗೆ ನಿಮ್ಮ ಮಾತು ತುರುಕಿದ್ರಿ. ಅದು ಕಳ್ಳತನ."

"ನಂಗೇ ಹೇಳ್ಬಹುದಿತ್ತಲ್ಲ," ಎಂದಳು ಯಾಗೊದಾ.

"ಹೇಳಿದ್ದೆ. ನೀನು ಕೇಳ್ಲಿಲ್ಲ."

"ಕೇಳಿದ್ದೆ, ಮಾವ. ಒಪ್ಪಲಿಲ್ಲ, ಅಷ್ಟೇ."

ಅವರು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಇಗ್ನಾತ್ಸಿ ಅವರ ಹಿಂದೆ ಬಾಗಿಲ ತನಕ ಹೋಗಿ ಬರಿಗೈಯಲ್ಲಿ ಮರಳಿದ.

ಪಾನಿ ಎಲ್ವಿರಾ ಗಂಟಲು ಸರಿಮಾಡಿಕೊಂಡರು. "ಇದೆಲ್ಲ ನಿಮ್ಮ ಮನೆ ಜಗಳ. ಕಳ್ಳ ಸಿಕ್ಕಿದ ಮಾತ್ರಕ್ಕೆ ಆಟ ಒಳ್ಳೇದು ಅಂತೇನೂ ಆಗಲ್ಲ. ಬಾಣ ಇಲ್ಲದೆ ಜನ ಆಡ್ತಾರಾ? ನನಗೆ ಬೇಕಾಗಿರೋದು ಅಷ್ಟೇ."

ಯಾಗೊದಾ ಎದ್ದು ಕುರ್ಚಿ ಎಳೆದಳು. "ನೀವೇ ಆಡಿ ನೋಡಿ, ಪಾನಿ ಎಲ್ವಿರಾ. ಇಷ್ಟ ಆಗದಿದ್ರೆ ಇವತ್ತೇ ನನ್ನ ಸಾಮಾನು ಕಟ್ತೀನಿ."

ಅವರು ಕೋಟು ಹಾಕಿಕೊಂಡೇ ಕೂತರು. ಸೇತುವೆ ದಾಟಿದ ಮೇಲೆ ಎಡಕ್ಕೆ ಹೋಗಬೇಕಿತ್ತು. ಅವರು ಬಲಕ್ಕೆ ಹೋದರು. ಕೊರ್ನೆಲ್ ಹಣೆ ಚಚ್ಚಿಕೊಂಡ. ಇಗ್ನಾತ್ಸಿ ಬಾಯಿ ತೆರೆದ.

"ಯಾರೂ ಹೇಳ್ಬೇಡಿ," ಎಂದಳು ಯಾಗೊದಾ. ಹೋಗಲಿದ್ದದ್ದು ಅವಳದೇ ಕೆಲಸ, ಒಂದು ಮಾತಿನಲ್ಲಿ ಉಳಿಸಿಕೊಳ್ಳಬಹುದಿತ್ತು. ಅವಳು ಎರಡೂ ಕೈ ಕಟ್ಟಿಕೊಂಡು ನಿಂತಳು.

ಪಾನಿ ಎಲ್ವಿರಾ ಜೌಗಿನಲ್ಲಿ ಸಿಕ್ಕಿಕೊಂಡರು, ಬೈದರು. ಬಾತುಕೋಳಿ ಮೇಯಿಸುವ ಮುದುಕಿಯೊಬ್ಬಳನ್ನು ಕೇಳಿದರು. ಅವಳು ಪಾಳುಬಿದ್ದ ಗಂಟೆಗೋಪುರದ ಕತೆ ತೆಗೆದಳು. ಅವರು ಜೇನನ್ನು ಬಿಟ್ಟು ಗೋಪುರ ಹತ್ತಿದರು. ಮೇಲಿನಿಂದ ದೂರದಲ್ಲೊಂದು ದೋಣಿ ಕಂಡಿತು, ಅತ್ತ ನಡೆದರು. ನಡುವೆ ಯಾವಾಗಲೋ ಕೋಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಜೇನುಗಾರನ ಮನೆ ಅವರಿಗೆ ಸಿಗಲೇ ಇಲ್ಲ.

ಇಗ್ನಾತ್ಸಿಗೆ ತಡೆಯಲಾಗಲಿಲ್ಲ. "ಪಾನಿ ಎಲ್ವಿರಾ, ನಿಮ್ಮ ವಾರ್ಸಾ ರೈಲಿಗೆ ಹೊತ್ತಾಗ್ತಿದೆ. ಆ ಮನೆ ಎಲ್ಲಿದೆ ಅಂತ ತೋರಿಸಿಬಿಡ್ಲಾ?"

ಅವರು ತೆರೆಯಿಂದ ಕಣ್ಣು ಕೀಳಲಿಲ್ಲ.

"ತೋರಿಸಿದ್ರೆ ನೋಡಿ, ಬಂಡವಾಳದ ಒಂದು ಗ್ರೋಶ್ ಕಾಸೂ ಕೊಡಲ್ಲ."

ಯಾಗೊದಾ ಗೋಡೆಗೆ ಒರಗಿ, ಎರಡು ದಿನದಲ್ಲಿ ಮೊದಲ ಸಲ, ಅತ್ತುಬಿಟ್ಟಳು.